ಸೂಟಿಗೆ ಊರಿಗೆ ಹೋಗದ ಹುಡುಗರು

ಕಾಲೇಜುಗಳ ಚರಿತ್ರೆಯನ್ನು ಬರೆಯುವವರು ಅವು ತೆರೆದಿರುವ ತಿಂಗಳುಗಳ ಚರಿತ್ರೆಯನ್ನಷ್ಟೇ ಬರೆಯುವುದು ವಾಡಿಕೆ. ಯಾವ ವರ್ಷ ಕಟ್ಟಡವಾಯಿತು, ಯಾರು ಪ್ರಾಚಾರ್ಯರಾದರು, ಎಷ್ಟು ಮಂದಿ ತೇರ್ಗಡೆಯಾದರು ಎಂಬ ವಿವರಗಳೆಲ್ಲ ಅಲ್ಲಿ ಸಿಗುತ್ತವೆ. ಪರೀಕ್ಷೆ ಮುಗಿದು ಬಾಗಿಲಿಗೆ ಬೀಗ ಬಿದ್ದ ಮೇಲೆ ಆ ಊರಿನಲ್ಲೇ ಉಳಿದುಕೊಂಡ ಹುಡುಗರು ಏನು ತಿಂದರು, ಎಲ್ಲಿ ಮಲಗಿದರು, ಏನು ಓದಿದರು ಎಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳುವುದಿಲ್ಲ. ರಾಯಚೂರು ಸೀಮೆಯ ಮಟ್ಟಿಗೆ ಇದೊಂದು ದೊಡ್ಡ ಕೊರತೆಯೇ ಸರಿ. ಏಕೆಂದರೆ ಸುಮಾರು ಮೂವತ್ತು ವರ್ಷಗಳ ಕಾಲ ಆ ಸೀಮೆಯ ವಿದ್ಯಾರ್ಥಿಗೆ ಕಾಲೇಜು ಕಲಿಸಿದ್ದು ಒಂದು ಭಾಷೆಯಲ್ಲಿ. ಸೂಟಿ ಕಲಿಸಿದ್ದು ಇನ್ನೊಂದು ಭಾಷೆಯಲ್ಲಿ. ಆ ಎರಡನೆಯದು ಕನ್ನಡ.

ಬಿಸಿಲ ಸೀಮೆಯ ಹುಡುಗ

ರಾಯಚೂರು ತಾಲೂಕಿನ ಗಡಿಯಂಚಿನಲ್ಲಿ ಯಾಪಲದಿನ್ನಿ ಎಂಬ ಊರಿದೆ. ತೆಲುಗಿನ ಆಡುಮಾತಿನಲ್ಲಿ ಯಾಪ ಎಂದರೆ ಬೇವು. ದಿನ್ನಿ ನಮ್ಮ ದಿಣ್ಣೆ, ಅದು ಎರಡು ಭಾಷೆಗೂ ಸಲ್ಲುವ ಮಾತು. ಬೇವಿನ ದಿಣ್ಣೆ ಎಂದು ಹೆಸರನ್ನು ಬಿಡಿಸಿಕೊಂಡರೆ ಆ ನೆಲದ ಗುಣವೂ ಅಲ್ಲಿಯ ಜನರ ನಾಲಗೆಯ ಗುಣವೂ ಒಟ್ಟಿಗೆ ತಿಳಿದುಬರುತ್ತವೆ. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಇಲ್ಲವೆ ಮನೆಯಲ್ಲಿ ತೆಲುಗು, ಗುಡಿಯಲ್ಲಿ ಕನ್ನಡ; ಗಡಿಯ ಹಳ್ಳಿಗಳಲ್ಲಿ ಇದು ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ನಿಜಾಮರ ಆಳಿಕೆಯ ಕಾಲಕ್ಕೆ ಇವೆರಡರ ಮೇಲೆ ಮೂರನೆಯದೊಂದು ಸೇರಿತ್ತು. ಕಚೇರಿಯ ಭಾಷೆ ಉರ್ದು. ಹೊಲದ ಪಹಣಿಯಿಂದ ಹಿಡಿದು ಅಮೀನನ ಹುಕುಮಿನವರೆಗೆ ಎಲ್ಲವೂ ಅದರಲ್ಲೇ ಬರಬೇಕು. ತಿಂಗಳುಗಳ ಹೆಸರು ಕೂಡ ಬೇರೆ. ನಾವು ಏಪ್ರಿಲ್ ಎನ್ನುವ ಹೊತ್ತಿಗೆ ಸರಕಾರಿ ಕಾಗದದಲ್ಲಿ ಖುರ್ದಾದ್. ಮೇ ಬಂತೆಂದರೆ ತೀರ್. ಫಸಲಿ ಪಂಚಾಂಗದ ಈ ಹೆಸರುಗಳು ಪಾರಸಿ ದೇಶದಿಂದ ಬಂದವಾದರೂ ಅವುಗಳ ಬಿಸಿಲು ಮಾತ್ರ ಅಚ್ಚ ರಾಯಚೂರಿನದೇ ಆಗಿತ್ತು.

ಆ ಬಿಸಿಲಿನ ವಿಚಾರವಾಗಿ ಒಂದು ಮಾತು. ಕರ್ನಾಟಕದಲ್ಲಿ ಅಳೆದು ದಾಖಲೆಯಾದ ಅತಿ ಹೆಚ್ಚಿನ ಉಷ್ಣತೆ, 45.6 ಡಿಗ್ರಿ, ರಾಯಚೂರಿನದೇ ಎಂದು ಹೇಳುತ್ತಾರೆ. ಕೃಷ್ಣೆ ಮೇಲೆ, ತುಂಗಭದ್ರೆ ಕೆಳಗೆ. ನಡುವಣ ದೋಆಬಿನಲ್ಲಿ ಹಳ್ಳಿಯ ಬಾವಿ ಬತ್ತುವುದು ವರ್ಷವರ್ಷದ ಕತೆ. ಚೈತ್ರ ಕಳೆದರೆ ಹೊಲದಲ್ಲಿ ಕೆಲಸವಿಲ್ಲ, ಕೆರೆಯಲ್ಲಿ ನೀರಿಲ್ಲ, ದನಕ್ಕೆ ಹಸಿರು ಮೇವಿಲ್ಲ. ಕಾಲೇಜಿಗೆ ಹೋದ ಮಗ ಸೂಟಿಗೆ ಮನೆಗೆ ಬರಲೆಂದು ತಾಯಿಗೆ ಆಸೆಯೇನೋ ಇರುತ್ತಿತ್ತು. ಆದರೆ ಬಂದವನಿಗೆ ಮಾಳಿಗೆಮನೆಯ ಕತ್ತಲೆಯಲ್ಲಿ ಮಧ್ಯಾಹ್ನವಿಡೀ ಮಲಗುವುದು, ಸಂಜೆ ಕಟ್ಟೆಗೆ ಬಂದು ಕೂಡುವುದು, ಇಷ್ಟನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಬರಹೋಗುವ ಬಂಡಿಯ ಬಾಡಿಗೆ, ರೈಲಿನ ಚೀಟಿಯ ದುಡ್ಡು ಬೇರೆ. ಹೀಗಾಗಿ ಬಡಮನೆಯ ಎಷ್ಟೋ ಹುಡುಗರು ರೋಹಿಣಿ ಮಳೆಯ ಹೊತ್ತಿಗೆ ಬಿತ್ತನೆಗೆ ಬಂದರಾಯಿತೆಂದು ಹೇಳಿಕಳಿಸಿ ಓದುವ ಊರಿನಲ್ಲೇ ಉಳಿಯುತ್ತಿದ್ದರು.

ವಾಡಿಯ ಮೇಲಿನ ದಾರಿ

ಓದುವ ಊರೆಂದರೆ ಹೈದರಾಬಾದು. ಅಲ್ಲಿ 1887ರಿಂದ ನಿಜಾಮ ಕಾಲೇಜು ಇದ್ದಿತು. ಅದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಪಾಠವೆಲ್ಲ ಇಂಗ್ಲಿಷಿನಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮರುವರ್ಷ ತರಗತಿಗಳು ಆರಂಭವಾದವು. ಮುಂದೆ ಗುಲಬರ್ಗಾದಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾದ ಮೇಲೆ ಮೊದಲೆರಡು ವರ್ಷ ಅಲ್ಲಿ ಕಳೆಯುವ ಅನುಕೂಲವಾಯಿತಾದರೂ ಪದವಿ ಬೇಕೆಂದರೆ ರಾಜಧಾನಿಗೇ ಹೋಗಬೇಕಾಗಿತ್ತು.

ಮುಂಬಯಿಯಿಂದ ಬಂದ ರೈಲುಹಾದಿಯೂ ಮದರಾಸಿನಿಂದ ಬಂದ ರೈಲುಹಾದಿಯೂ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿ. ದೇಶದ ಎರಡು ದೊಡ್ಡ ಪಟ್ಟಣಗಳಿಗೆ ನೇರವಾಗಿ ಹೋಗಬಲ್ಲ ಈ ಊರಿನವನು ತನ್ನ ರಾಜಧಾನಿಗೆ ಮಾತ್ರ ಬಳಸಿಕೊಂಡೇ ಹೋಗಬೇಕು. ಉತ್ತರಕ್ಕೆ ಕೃಷ್ಣೆಯ ಸೇತುವೆ ದಾಟಿ, ಯಾದಗಿರಿಯ ಹತ್ತಿರ ಭೀಮೆಯನ್ನು ದಾಟಿ, ವಾಡಿಯಲ್ಲಿ ಇಳಿದು ಗಾಡಿ ಬದಲಾಯಿಸಬೇಕು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಿಂದ ಓಡುತ್ತಿತ್ತು.

ಈ ಎರಡನೆಯ ಗಾಡಿಯ ಕಿಟಕಿಯಿಂದ ಕಾಣುವ ಊರುಗಳನ್ನು ವಾಚಕರು ಗಮನಿಸಬೇಕು. ವಾಡಿ ಬಿಟ್ಟು ಸ್ವಲ್ಪದರಲ್ಲೇ ಚಿತ್ತಾಪುರ. ಅದರ ಮಗ್ಗುಲಿಗೇ ನಾಗಾವಿ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ಮಧುಸೂದನ ದಂಡನಾಯಕನು ಅಲ್ಲಿ ಒಂದು ಘಟಿಕಾಸ್ಥಾನವನ್ನು ನೆಲೆಗೊಳಿಸಿದ ಸಂಗತಿಯನ್ನು ಶಾಸನ ಹೇಳುತ್ತದೆ. ವೇದ ಓದುವವರು, ಶಾಸ್ತ್ರ ಓದುವವರು ಸೇರಿ ಇನ್ನೂರಕ್ಕೂ ಮಿಕ್ಕಿದ ವಿದ್ಯಾರ್ಥಿಗಳು. ಅವರಿಗೆ ಕಲಿಸುವ ಉಪಾಧ್ಯಾಯರು. ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವರೆಲ್ಲರ ಜೀವನಕ್ಕೆ ಭೂಮಿ ಬಿಟ್ಟುಕೊಟ್ಟಿದ್ದರು. ಇನ್ನೂರು ಚಿಲ್ಲರೆ ಹುಡುಗರಿಗೆ ಆರು ಮಂದಿ ಗ್ರಂಥಪಾಲರನ್ನು ನೇಮಿಸುವ ಕಾಲೇಜು ಇಂದಿಗೂ ಅಪರೂಪವೇ! ಚಿತ್ತಾಪುರವಾದ ಮೇಲೆ ಬರುವುದು ಮಳಖೇಡದ ನಿಲ್ದಾಣ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ದೊರೆತ ಕನ್ನಡದ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದಿತೆಂದು ಸಾರಿದ ಗ್ರಂಥವದು. ಆ ಗ್ರಂಥದ ಊರನ್ನು ಹಾದು, ಆ ಘಟಿಕೆಯ ಊರನ್ನು ಹಾದು, ರಾಯಚೂರಿನ ಕನ್ನಡ ಹುಡುಗ ಉರ್ದುವಿನಲ್ಲಿ ಪದವಿ ಪಡೆಯಲು ಹೋಗುತ್ತಿದ್ದ. ರೈಲು ಆ ನಿಲ್ದಾಣಗಳಲ್ಲಿ ನಿಂತೇ ಮುಂದೆ ಹೋಗುತ್ತಿತ್ತು. ಇಳಿಯಲು ಅವನಿಗೆ ಕಾರಣವಿರಲಿಲ್ಲ.

ಹಿಂದಿನವರ ಓದಿನ ಕ್ರಮದಲ್ಲೂ ಬಿಡುವೆಂಬುದೊಂದಿತ್ತು. ಶ್ರಾವಣದಲ್ಲಿ ಉಪಾಕರ್ಮ ಮಾಡಿ ವೇದಾಧ್ಯಯನವನ್ನು ಹಿಡಿದವರು ಐದಾರು ತಿಂಗಳ ಬಳಿಕ ಉತ್ಸರ್ಜನ ಮಾಡಿ ಬಿಡುತ್ತಿದ್ದರು. ಬಿಟ್ಟವರು ಪುಸ್ತಕ ಮಡಿಸಿ ಕೂರಬೇಕೆಂದು ಧರ್ಮಗ್ರಂಥಗಳು ಹೇಳಿಲ್ಲ. ಶುಕ್ಲಪಕ್ಷದಲ್ಲಿ ವೇದವನ್ನೂ ಕೃಷ್ಣಪಕ್ಷದಲ್ಲಿ ವ್ಯಾಕರಣ, ಛಂದಸ್ಸು, ಜ್ಯೋತಿಷ ಮೊದಲಾದ ಅಂಗಗಳನ್ನೂ ನೋಡಿಕೊಳ್ಳಬೇಕೆಂಬುದು ನಿಯಮ. ಮುಖ್ಯ ಪಾಠ ನಿಂತಾಗ ಪಕ್ಕದ ಪಾಠ ಮೊದಲಾಗಬೇಕೆಂಬ ಈ ತಿಳಿವಳಿಕೆ ಹಳೆಯದು. ಹೈದರಾಬಾದಿನಲ್ಲಿ ಉಳಿದ ಹುಡುಗರು ಗೊತ್ತಿದ್ದೋ ಗೊತ್ತಿಲ್ಲದೆಯೋ ಅದನ್ನೇ ಪಾಲಿಸಿದರು. ಅವರ ಪಾಲಿಗೆ ಪಕ್ಕದ ಪಾಠವಾಗಿದ್ದುದು ತಾಯಿನುಡಿ ಎಂಬುದಷ್ಟೇ ವಿಪರ್ಯಾಸ.

ಉರ್ದು ತರಗತಿ, ಕನ್ನಡ ಸೂಟಿ

ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಬರಿದೆ ನಿಂದಿಸುವುದು ನ್ಯಾಯವಲ್ಲ. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಕಾನೂನನ್ನೂ ಕಲಿಸಬಹುದೆಂದು ಇಂಗ್ಲಿಷಿನ ಅಬ್ಬರದ ದಿನಗಳಲ್ಲಿ ಮಾಡಿ ತೋರಿಸಿದ ಸಂಸ್ಥೆ ಅದು. ಅದಕ್ಕಾಗಿ ಒಂದು ಭಾಷಾಂತರ ಕಚೇರಿಯನ್ನೇ ತೆರೆದು, ಪಾಶ್ಚಾತ್ಯ ಗ್ರಂಥಗಳನ್ನು ಸಾಲುಸಾಲಾಗಿ ಉರ್ದುವಿಗೆ ತಂದರು. ರಸಾಯನವು ಕೀಮಿಯಾ ಆಯಿತು, ಗಣಿತವು ರಿಯಾಜಿ ಆಯಿತು, ಚರಿತ್ರೆಯು ತಾರೀಖ್ ಆಯಿತು. ಈ ಯೋಜನೆಯನ್ನು ರವೀಂದ್ರನಾಥ ಠಾಕೂರರಂಥವರೂ ಸ್ವಾಗತಿಸಿದ್ದರು. ಆದರೆ ಆ ಸಂಸ್ಥಾನದಲ್ಲಿ ತೆಲುಗಾಡುವವರು ಸುಮಾರು ಅರ್ಧದಷ್ಟು, ಮರಾಠಿಯವರು ಕಾಲುಭಾಗದಷ್ಟು, ಕನ್ನಡದವರು ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಉರ್ದು ಮನೆಮಾತಾಗಿದ್ದವರೂ ಸರಿಸುಮಾರು ಹತ್ತರಲ್ಲೊಂದು ಪಾಲು. ದೇಶೀ ಭಾಷೆಯಲ್ಲಿ ಶಿಕ್ಷಣವೆಂಬ ಒಳ್ಳೆಯ ತತ್ವವನ್ನು ಒಂದೇ ಭಾಷೆಗೆ ಮೀಸಲಿಟ್ಟದ್ದರಿಂದ ಉಳಿದವರಿಗೆ ಅದೂ ಇಂಗ್ಲಿಷಿನಂತೆಯೇ ಹೊರಗಿನದಾಯಿತು. ಯಾಪಲದಿನ್ನಿಯಂಥ ಊರಿನಿಂದ ಬಂದವನು ರಸಾಯನವನ್ನು ಉರ್ದುವಿನಲ್ಲಿ ಓದಿ, ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಬರೆದು, ಅಂಗಡಿಯಲ್ಲಿ ತೆಲುಗು ಮಾತಾಡಿ, ರಾತ್ರಿ ಮಲಗಿದಾಗ ಮಾತ್ರ ಕನ್ನಡದಲ್ಲಿ ಕನಸು ಕಾಣಬೇಕು. ಕನ್ನಡವನ್ನು ಒಂದು ವಿಷಯವಾಗಿ ಆರಿಸಿಕೊಂಡವರಿಗೆ ದ. ಕೃ. ಭೀಮಸೇನರಾಯರಂಥ ಅಧ್ಯಾಪಕರಿದ್ದರು. ಉಳಿದವರಿಗೆ ಅದೂ ಇಲ್ಲ.

ಹೀಗಿರುವಾಗ ಬೇಸಗೆ ಬರುತ್ತಿತ್ತು. ಪರೀಕ್ಷೆಯ ಹೊರೆ ಇಳಿಯುತ್ತಿತ್ತು. ನಗರದಲ್ಲಿ ಉಳಿದವನಿಗೆ ಮೊದಲ ಸುಖವೆಂದರೆ ನಳದ ನೀರು. 1908ರಲ್ಲಿ ಮೂಸಿ ನದಿಯ ಪ್ರಳಯಕ್ಕೆ ನಗರದ ಬಹುಭಾಗ ಕೊಚ್ಚಿಹೋದ ಮೇಲೆ ಕಟ್ಟಿಸಿದ ಉಸ್ಮಾನಸಾಗರ 1920ರಲ್ಲಿ ಮುಗಿದಿತ್ತು. ಹಿಮಾಯತಸಾಗರ ಅದರ ಹಿಂದೆಯೇ ಬಂತು. ಬತ್ತಿದ ಬಾವಿಯ ಊರಿನಿಂದ ಬಂದವನಿಗೆ ತಿರುಗಿಸಿದೊಡನೆ ನೀರು ಸುರಿಯುವ ನಳಕ್ಕಿಂತ ದೊಡ್ಡ ಅರಮನೆ ಬೇಕಾಗಿರಲಿಲ್ಲ. ಎರಡನೆಯ ಸುಖ ಪುಸ್ತಕಾಲಯ. 1891ರಷ್ಟು ಹಿಂದೆಯೇ ತೆರೆದಿದ್ದ ಆಸಫಿಯಾ ಪುಸ್ತಕಾಲಯ 1936ರಲ್ಲಿ ಮೂಸಿಯ ದಂಡೆಯ ಮೇಲಿನ ತನ್ನ ದೊಡ್ಡ ಕಟ್ಟಡಕ್ಕೆ ಬಂದಿತು. ಹೊರಗೆ ಬಿಸಿಲು ಕಾಯುತ್ತಿರುವಾಗ ಎತ್ತರದ ಸೂರಿನ ಕೆಳಗೆ ತಂಪಾಗಿ ಕೂರುವ ಹಕ್ಕು ಓದುವವನಿಗೆ ಬಿಟ್ಟಿಯಾಗಿ ಸಿಗುತ್ತಿತ್ತು.

ಆದರೆ ಅಲ್ಲಿ ಕನ್ನಡದ ಪುಸ್ತಕ ಎಷ್ಟು ಸಿಕ್ಕೀತು? ತೆಲುಗರು 1901ರಲ್ಲೇ ಶ್ರೀ ಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನು ತೆರೆದಿದ್ದರು. ಕನ್ನಡಿಗರಿಗೆ ತಮ್ಮದೊಂದು ಮನೆಯೆನಿಸಿದ್ದು ಕರ್ನಾಟಕ ಸಾಹಿತ್ಯ ಮಂದಿರ. ಮಕ್ಕಳಿಗೆ ನೃಪತುಂಗನ ಹೆಸರಿನ ಶಾಲೆ. ಇಂಥ ಕೆಲಸಗಳಲ್ಲಿ ದುಡಿದವರ ಪೈಕಿ ನಮ್ಮ ಸೀಮೆಯವರೇ ಆದ ಮಾನ್ವಿ ನರಸಿಂಗರಾಯರನ್ನು ನೆನೆಯಬೇಕು. ಊರಿನ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು ರಾಜಧಾನಿಯಲ್ಲಿ ಕನ್ನಡಕ್ಕಾಗಿ ಬಾಳಿದವರು ಅವರು.

ಇದಕ್ಕೆಲ್ಲ ಇನ್ನೊಂದು ಕಾರಣವೂ ಇತ್ತು. ಸಭೆ ಸೇರುವುದಕ್ಕೆ ಮುಂಚಿತವಾಗಿ ಅಪ್ಪಣೆ ಪಡೆಯಬೇಕೆಂದು ‘ಗಸ್ತಿ ನಿಶಾನ್ 53’ ಎಂಬ ಸರಕಾರಿ ಸುತ್ತೋಲೆ ವಿಧಿಸಿತ್ತು. ರಾಜಕೀಯದ ಸಭೆಗೆ ಅಪ್ಪಣೆ ಸಿಗುವುದು ಕಷ್ಟ. ಪುಸ್ತಕಾಲಯಕ್ಕೆ, ಕವಿಯ ಜಯಂತಿಗೆ, ನಾಟಕಕ್ಕೆ ಅಷ್ಟು ಕಷ್ಟವಿರಲಿಲ್ಲ. ಆದ್ದರಿಂದ ಜನ ತಮ್ಮ ಮಾತನ್ನು ಸಾಹಿತ್ಯದ ಮೂಲಕವೇ ಆಡುವುದನ್ನು ಕಲಿತರು. ಪಂಪನ ಮೇಲಿನ ಒಂದು ಉಪನ್ಯಾಸದಲ್ಲಿ ಎಷ್ಟು ರಾಜಕೀಯ ಅಡಗಿರಬಹುದೆಂಬುದು ಕೇಳಲು ಬಂದ ಪೊಲೀಸನಿಗೆ ತಿಳಿಯದಿದ್ದರೂ ಹಿಂದೆ ಕುಳಿತ ವಿದ್ಯಾರ್ಥಿಗೆ ತಿಳಿಯುತ್ತಿತ್ತು.

ಊಟದ ಪ್ರಶ್ನೆ

ಹೊಟ್ಟೆಯ ಮಾತನ್ನು ಬಿಟ್ಟು ವಿದ್ಯಾರ್ಥಿಯ ಚರಿತ್ರೆಯನ್ನು ಬರೆಯುವಂತಿಲ್ಲ. ಅಂದಿನ ಬಡ ವಿದ್ಯಾರ್ಥಿಗೆ ಇದ್ದ ದೊಡ್ಡ ಆಸರೆ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಗುಮಾಸ್ತರ ಮನೆ, ಹೀಗೆ ಏಳು ಮನೆ ಗೊತ್ತುಮಾಡಿಕೊಂಡರೆ ವರ್ಷ ಕಳೆಯಿತು. ಯಾವುದೋ ಒಂದು ವಾರಕ್ಕೆ ಮನೆ ಸಿಗದಿದ್ದರೆ ಅಂದು ಏಕಾದಶಿ. ಈ ಏರ್ಪಾಡಿನಲ್ಲಿ ಒಂದು ತೊಡಕಿತ್ತು. ಬೇಸಗೆಯಲ್ಲಿ ಮನೆಯ ಯಜಮಾನಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಡುವಳು. ಏಳರಲ್ಲಿ ನಾಲ್ಕು ಮನೆಗೆ ಬೀಗ. ಸೂಟಿಯಲ್ಲಿ ಏಕಾದಶಿಗಳ ಸಂಖ್ಯೆ ಪಂಚಾಂಗವನ್ನು ಮೀರುತ್ತಿತ್ತು!

ಎರಡನೆಯ ಆಸರೆ ಸಮಾಜದವರು ಕಟ್ಟಿಸಿದ ವಸತಿಗೃಹಗಳು. ಹೈದರಾಬಾದಿನಲ್ಲಿ ಕೊತವಾಲರಾಗಿದ್ದ ರಾಜಾ ಬಹಾದ್ದೂರ್ ವೆಂಕಟರಾಮರೆಡ್ಡಿಯವರ ಮುಂದಾಳುತನದಲ್ಲಿ 1918ರಲ್ಲಿ ಆರಂಭವಾದ ರೆಡ್ಡಿ ಹಾಸ್ಟೆಲ್ಲು ಇಂಥವುಗಳಲ್ಲಿ ಹೆಸರಾದದ್ದು. ಧಾರವಾಡದಲ್ಲಿ ಮುರುಘಾಮಠದ ಪ್ರಸಾದನಿಲಯ, ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಮತ್ತು ವಿದ್ಯಾರ್ಥಿನಿಲಯ. ಕನ್ನಡನಾಡಿನ ಒಂದು ತಲೆಮಾರು ಕಲಿತದ್ದು ಸರಕಾರದ ಅನುದಾನದಿಂದಲ್ಲ, ಇಂಥವರ ಅನ್ನದಿಂದ. ಇದು ಹೊಸ ಪುಣ್ಯವೂ ಅಲ್ಲ. ವಿಜಾಪುರ ಸೀಮೆಯ ಸಾಲೋಟಗಿಯಲ್ಲಿ 945ರಲ್ಲಿಯೇ ಬೇರೆಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳನ್ನೂ, ಅವರ ದೀಪದ ಎಣ್ಣೆಗೆಂದು ಭೂಮಿಯನ್ನೂ ಬಿಟ್ಟಿದ್ದರೆಂದು ಶಾಸನವಿದೆ. ರಾತ್ರಿ ಓದುವವನ ಎಣ್ಣೆಯ ಚಿಂತೆ ರಾಷ್ಟ್ರಕೂಟರ ಮಂತ್ರಿಗೆ ಇದ್ದಿತು.

ಉಳಿದ ಹುಡುಗರು ಸೂಟಿಯಲ್ಲಿ ಮನೆಪಾಠ ಹೇಳಿದರು, ವಕೀಲರ ಕಾಗದಗಳನ್ನು ನಕಲು ಮಾಡಿದರು, ಸ್ನೇಹಿತರು ನಾಲ್ವರು ಕೂಡಿ ಒಂದು ಕೋಣೆ ಹಿಡಿದು ಸರದಿಯ ಮೇಲೆ ರೊಟ್ಟಿ ಬಡಿದರು. ಸಂಜೆ ಇರಾಣಿ ಹೋಟೆಲಿನಲ್ಲಿ ಒಂದು ಚಹವನ್ನು ಎರಡು ಬಶಿಯಲ್ಲಿ ಹಂಚಿಕೊಂಡು ದೇಶದ ಭವಿಷ್ಯವನ್ನು ಇತ್ಯರ್ಥ ಮಾಡಿದರು. ಮಾತು ಉರ್ದುವಿನಲ್ಲಿ ಮೊದಲಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು.

ಊರಿನಲ್ಲೇ ಒಂದು ಬೆಳಕು

ರಾಜಧಾನಿಗೆ ಹೋಗುವ ಮೊದಲು ರಾಯಚೂರಿನಲ್ಲೇ ಈ ಹುಡುಗರಿಗೆ ಒಂದು ದೀಕ್ಷೆ ದೊರೆತಿತ್ತು. ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿದ ಪಂಡಿತ ತಾರಾನಾಥರು 1920ರ ಸುಮಾರಿಗೆ ಇಲ್ಲಿ ‘ಹಮ್‌ದರ್ದ್’ ಶಾಲೆಯನ್ನು ತೆರೆದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗಾರ. ಉರ್ದು ಹೆಸರಿನ ಶಾಲೆಯನ್ನು ಕರಾವಳಿಯ ಕನ್ನಡಿಗರೊಬ್ಬರು ತೆಲುಗಿನ ಗಡಿಯಲ್ಲಿ ತೆರೆದರೆಂದರೆ ಅವರ ಮನಸ್ಸು ಎಷ್ಟು ವಿಶಾಲವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಸರಕಾರದ ಅವಕೃಪೆಗೆ ಪಾತ್ರರಾಗಿ ಅವರು ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನವನ್ನು ಕಟ್ಟಿಕೊಂಡರಾದರೂ ಶಾಲೆ ಉಳಿಯಿತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ಸೇರಿತು. ಮೈಸೂರು, ಮುಂಬಯಿ, ಮದರಾಸು ಸೀಮೆಗಳ ಲೇಖಕರನ್ನು ಕಣ್ಣಾರೆ ಕಂಡ ಶಾಲಾಬಾಲಕರಿಗೆ ತಮ್ಮ ಭಾಷೆ ತಮ್ಮ ಜಿಲ್ಲೆಯ ಗಡಿಯಲ್ಲಿ ಮುಗಿಯುವುದಿಲ್ಲವೆಂದು ಗೊತ್ತಾಯಿತು.

ಎರಡು ಬೇರೆ ಬೇಸಗೆಗಳು

ಎಲ್ಲ ಸೂಟಿಗಳೂ ಪುಸ್ತಕ ಓದುವ ಸೂಟಿಗಳಾಗಿರಲಿಲ್ಲ. 1938ರ ನವೆಂಬರ ಕೊನೆಯಲ್ಲಿ ಉಸ್ಮಾನಿಯಾದ ವಸತಿಗೃಹಗಳಲ್ಲಿ ‘ವಂದೇ ಮಾತರಂ’ ಹಾಡಬಾರದೆಂದು ಅಧಿಕಾರಿಗಳು ತಡೆದರು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಚಳವಳಿ ಗುಲಬರ್ಗಾದ ಕಾಲೇಜಿಗೂ ಹಬ್ಬಿತು. ಹೊರಹಾಕಲ್ಪಟ್ಟ ಹುಡುಗರಲ್ಲಿ ಅನೇಕರನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರೂ ಅವರಲ್ಲೊಬ್ಬರು. ಸಂಸ್ಥಾನದ ಗಡಿಯನ್ನು ದಾಟಿ ಹೋದವರಿಗೆ ಮರುವರ್ಷದ ಬೇಸಗೆ ಬೇರೊಂದು ಊರಿನ ಬೇಸಗೆಯಾಯಿತು. ನಾಗಪುರದ ಬಿಸಿಲು ರಾಯಚೂರಿನದಕ್ಕೆ ಕಡಮೆಯದೇನಲ್ಲ. ಆದರೆ ಅಲ್ಲಿ ಹಾಡಲು ಅಡ್ಡಿಯಿರಲಿಲ್ಲ.

ಎರಡನೆಯದು 1948ರ ಬೇಸಗೆ. ದೇಶ ಸ್ವತಂತ್ರವಾಗಿತ್ತು, ಹೈದರಾಬಾದು ಸಂಸ್ಥಾನ ಭಾರತವನ್ನು ಸೇರಿರಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಚಳವಳಿಗೆ ಓಗೊಟ್ಟು ತರಗತಿ ಬಿಟ್ಟು ಬಂದ ಹುಡುಗರು ಸಂಸ್ಥಾನದಾಚೆಯ ಗಡಿಶಿಬಿರಗಳನ್ನು ಸೇರಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಮುಂಡರಗಿಯ ಶಿಬಿರ, ಗಜೇಂದ್ರಗಡದ ಶಿಬಿರ ಮೊದಲಾದವು ರಾಯಚೂರು ಜಿಲ್ಲೆಯ ಅಂಚಿಗೇ ಇದ್ದವು. ಇತ್ತ ಹಳ್ಳಿಗಳಲ್ಲಿ ರಜಾಕಾರರ ಭಯ. ಆ ವರ್ಷ ಊರಿಗೆ ಹೋಗದಿದ್ದವರು ಬಡತನದಿಂದ ಹೋಗದವರಲ್ಲ, ಹೋಗಲಾರದವರು. ಸೆಪ್ಟೆಂಬರ 17ರಂದು ನಿಜಾಮರ ಸೈನ್ಯ ಶರಣಾದ ಮೇಲೆ ಕೆಲವರು ಓದಿಗೆ ಹಿಂದಿರುಗಿದರು. ಕೆಲವರ ಓದು ಅಲ್ಲಿಗೇ ನಿಂತಿತು. ಹಿಂದಿರುಗಿದವರಿಗೆ ಉಸ್ಮಾನಿಯಾದಲ್ಲಿ ಇನ್ನೊಂದು ಬದಲಾವಣೆ ಕಾದಿತ್ತು. ಬೋಧನೆಯ ಭಾಷೆ ಉರ್ದುವಿನಿಂದ ಇಂಗ್ಲಿಷಿಗೆ ತಿರುಗಿತು. ಹೊರಗಿನ ಭಾಷೆ ಹೋಗಿ ಇನ್ನೂ ಹೊರಗಿನ ಭಾಷೆ ಬಂತು.

ಬಿಸಿಲಿನಲ್ಲಿ ಬೆಳೆದದ್ದು

ಇಷ್ಟೆಲ್ಲ ಸೂಟಿಗಳಿಂದ ಬಂದ ಫಲವೇನು? ಅಂದಿನ ರಾಯಚೂರು ಜಿಲ್ಲೆಗೆ ಸೇರಿದ್ದ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು, ನಿಜಾಮ ಸಂಸ್ಥಾನದ ಸೇವೆಯಲ್ಲಿ ಅಧಿಕಾರಿಯಾದವರು. ಉರ್ದುವಿನಲ್ಲಿ ಕಡತ ಬರೆಯುವ ಕೈಯಿಂದಲೇ ‘ಕಾವ್ಯಾನಂದ’ರೆಂಬ ಹೆಸರಿನಲ್ಲಿ ಕನ್ನಡ ಕವಿತೆ ಬರೆದು, 1987ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರು ತಾಲೂಕಿನ ಹೆಂಬೇರಾಳದ ಶಾಂತರಸರು 1924ರಲ್ಲಿ ಹುಟ್ಟಿದವರು. ಗಜಲ್ ಎಂಬ ಉರ್ದುವಿನ ಹಾಡಿನ ಪ್ರಕಾರವನ್ನು ಕನ್ನಡದಲ್ಲಿ ನೆಲೆಗೊಳಿಸಿದ ಮೊದಲಿಗರಲ್ಲಿ ಅವರ ಹೆಸರು ಬರುತ್ತದೆ. 2006ರಲ್ಲಿ ಬೀದರಿನ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಶಾಲೆ ಕಲಿಸಿದ ಉರ್ದುವೂ ಬಿಡುವಿನಲ್ಲಿ ಕಲಿತ ಕನ್ನಡವೂ ಒಂದೇ ಎದೆಯಲ್ಲಿ ಕೂಡಿದಾಗ ಏನಾಗುತ್ತದೆಂಬುದಕ್ಕೆ ಕನ್ನಡ ಗಜಲು ಸಾಕ್ಷಿ. ಹೇರಿದ ಭಾಷೆಯ ಮೇಲೆ ಹಗೆ ಸಾಧಿಸದೆ ಅದರಿಂದ ಒಂದು ಒಡವೆಯನ್ನು ತಂದು ತಾಯಿಗೆ ತೊಡಿಸಿದವರು ಈ ಸೀಮೆಯವರು. ಅಂದಿನ ಹುಡುಗ ಸೂಟಿಯಲ್ಲಿಯೂ ಉರ್ದುವನ್ನೇ ಓದಿಕೊಂಡಿದ್ದರೆ ಒಳ್ಳೆಯ ಅಹಲ್ಕಾರನಾಗುತ್ತಿದ್ದ; ಕನ್ನಡ ಲೇಖಕನಾಗುತ್ತಿರಲಿಲ್ಲ.

ಕಾಲೇಜು ಊರಿಗೆ ಬಂದ ಮೇಲೆ

1956ರ ನವೆಂಬರ 1ರಂದು ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಅದೇ ವರ್ಷ ರಾಯಚೂರಿನಲ್ಲಿ ಶ್ರೀರಂಗರ ಅಧ್ಯಕ್ಷತೆಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ ನಡೆಯಿತು. ಇಲ್ಲಿಯ ವಿದ್ಯಾರ್ಥಿಯ ಮುಖ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿ ಧಾರವಾಡವನ್ನು ನೋಡಿತು. ಮಾವಿನ ಊರಿನ ಬೇಸಗೆ ಅವನಿಗೆ ಮೊದಲು ಬೇಸಗೆಯೆಂದೇ ಅನಿಸಿರಲಿಕ್ಕಿಲ್ಲ. ಮನೆಯವರು ಕಟ್ಟಿದ ಖಡಕ್ ರೊಟ್ಟಿ, ಶೇಂಗಾಪುಡಿಯ ಬುತ್ತಿಯನ್ನು ಸರಕಾರಿ ಬಸ್ಸಿನವರು ಊರಿಂದೂರಿಗೆ ತಲುಪಿಸುವ ಪರಿಪಾಠ ಬಡಮಕ್ಕಳ ವಾರಾನ್ನದ ಜಾಗವನ್ನು ಹಿಡಿಯಿತು. ತಾರಾನಾಥರ ಹೆಸರನ್ನು ಹೊತ್ತ ಶಿಕ್ಷಣ ಸಂಸ್ಥೆಯ ಲಕ್ಷ್ಮೀ ವೆಂಕಟೇಶ ದೇಸಾಯಿ ಕಾಲೇಜಿನಿಂದಾಗಿ ರಾಯಚೂರೂ ಒಂದು ಓದುವ ಊರಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಈಚೆಗೆ ರಾಯಚೂರಿಗೆ ತನ್ನದೇ ಆದ ಸಾಮಾನ್ಯ ವಿಶ್ವವಿದ್ಯಾಲಯ. ಹೀಗೆ ಕಾಲೇಜೇ ಹುಡುಗನನ್ನು ಹುಡುಕಿಕೊಂಡು ಬಂದಿದೆ. 2019ರಲ್ಲಿ ರಾಯಚೂರಿಗೆಂದು ಮಂಜೂರಾದ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಮೊದಲ ತರಗತಿಗಳು ಮಾತ್ರ ಹೈದರಾಬಾದಿನ ಐಐಟಿಯಲ್ಲೇ ನಡೆದವು. ಹಳೆಯ ದಾರಿ ಅಷ್ಟು ಸುಲಭವಾಗಿ ಅಳಿಯುವುದಿಲ್ಲ!

ಆದರೆ ಅಂಕಿಗಳು ಇನ್ನೊಂದು ಕತೆಯನ್ನೂ ಹೇಳುತ್ತವೆ. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ದೇವದುರ್ಗ ಆ ಪಟ್ಟಿಯಲ್ಲಿದೆ, ಮಾನ್ವಿ ಇದೆ. ಅಷ್ಟೇ ಅಲ್ಲ, ಘಟಿಕಾಸ್ಥಾನದ ಚಿತ್ತಾಪುರವೂ ಇದೆ, ಮಾನ್ಯಖೇಟವಿರುವ ಸೇಡಮ್ಮೂ ಇದೆ. ಆರು ಮಂದಿ ಗ್ರಂಥಪಾಲರಿದ್ದ ಊರಿನ ತಾಲೂಕು ಅಭಿವೃದ್ಧಿಯ ಅಳತೆಗೋಲಿನಲ್ಲಿ ಹಿಂದೆ ನಿಂತಿತು. ಹತ್ತು ವರ್ಷಗಳ ಬಳಿಕ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ಈ ಪ್ರದೇಶದವರಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು.

ಇದರ ಪರಿಣಾಮ ಇಂದಿನ ಸೂಟಿಯಲ್ಲಿ ಕಾಣುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಾಡಿಗೆ ಕೋಣೆಗಳಲ್ಲಿ ಉಳಿಯುವ ಹುಡುಗರು ಈಗಲೂ ಇದ್ದಾರೆ. ಅಂದು ಊಹೆಗೂ ನಿಲುಕದಿದ್ದ ರೀತಿಯಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಅವರ ಕೈಯಲ್ಲಿರುವುದು ಸ್ಪರ್ಧಾ ಪರೀಕ್ಷೆಯ ಕೈಪಿಡಿ. ಪೊಲೀಸ್ ಸಬ್‌ಇನ್‌ಸ್ಪೆಕ್ಟರ್, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಶಿಕ್ಷಕ ಹುದ್ದೆ, ಯಾವುದಾದರೊಂದು ಸಿಕ್ಕರೆ ಮನೆ ನಿಲ್ಲುತ್ತದೆ. ಇದನ್ನು ಹಗುರಾಗಿ ಕಾಣುವವರು ಬಿಸಿಲನ್ನು ಕಾಣದವರು. ಮನೆಯ ಮೊದಲ ಪದವೀಧರನಿಗೆ ಅನ್ನದ ವಿದ್ಯೆಯೇ ಮೊದಲ ವಿದ್ಯೆ. ಅಂದಿನ ಉರ್ದುವೂ ಅನ್ನದ ವಿದ್ಯೆಯೇ ಆಗಿತ್ತು.

ಕೇಳಬೇಕಾದ ಪ್ರಶ್ನೆ ಬೇರೆ. ಅಂದಿನ ಹುಡುಗನಿಗೆ ಪಕ್ಕದ ಪಾಠಕ್ಕೆ ಒಂದು ತಂಪಾದ ಪುಸ್ತಕಾಲಯವಿತ್ತು, ಒಂದು ಸಾಹಿತ್ಯ ಮಂದಿರವಿತ್ತು, ಹಸಿವಿಗೆ ಏಳರಲ್ಲಿ ಮೂರು ಮನೆಯಾದರೂ ತೆರೆದಿರುತ್ತಿದ್ದವು. ಸೂಟಿ ಬಂದೊಡನೆ ವಿದ್ಯಾರ್ಥಿನಿಲಯಗಳ ಒಲೆ ಆರುವುದು ಇಂದಿಗೂ ಸಾಮಾನ್ಯ. ಕಾಲೇಜಿನ ಪುಸ್ತಕಾಲಯಕ್ಕೆ ಬೀಗ ಬೀಳುವುದೂ ಆಗಲೇ. ಹೊರಗೆ 42 ಡಿಗ್ರಿ ಬಿಸಿಲಿರುವಾಗ ತಗಡಿನ ಸೂರಿನ ಕೋಣೆಯಲ್ಲಿ ಖಾನಾವಳಿಯ ಡಬ್ಬಿಗೆ ದುಡ್ಡು ತೆತ್ತು ಓದುವವರನ್ನು ನಾವು ಅವರ ಪಾಡಿಗೆ ಬಿಟ್ಟಿದ್ದೇವೆ. ವರ್ಷದ ಹತ್ತು ತಿಂಗಳು ಅವರಿಗಾಗಿ ನಡೆಯುವ ಕಟ್ಟಡ, ಅವರಿಗೆ ಬಹಳ ಬೇಕಾದ ಎರಡು ತಿಂಗಳು ಖಾಲಿ ನಿಂತಿರುತ್ತದೆ.

ಹೊಸ ವಿಶ್ವವಿದ್ಯಾಲಯ ಕಟ್ಟಲು ಕೋಟಿಗಟ್ಟಲೆ ಹಣ ಬೇಕು. ಇರುವ ಪುಸ್ತಕಾಲಯದ ಬಾಗಿಲನ್ನು ಮೇ ತಿಂಗಳಲ್ಲಿ ತೆರೆದಿಡಲು, ನಿಲಯದ ಅಡಿಗೆಯನ್ನು ಇನ್ನೆರಡು ತಿಂಗಳು ನಡೆಸಲು ಬೇಕಾದದ್ದು ಅದಕ್ಕಿಂತ ಬಹಳ ಕಡಮೆ. ಕೈಪಿಡಿ ಓದಲು ಬಂದವರಲ್ಲಿ ಹತ್ತಕ್ಕೆ ಒಬ್ಬರು ಪಕ್ಕದ ಕಪಾಟಿನಿಂದ ಒಂದು ಕಾವ್ಯವನ್ನೋ ಚರಿತ್ರೆಯನ್ನೋ ತೆಗೆದು ನೋಡಿದರೂ ಈ ಸೀಮೆಯ ಸಾಲಕ್ಕೆ ಬಡ್ಡಿ ಸಂದಂತಾಯಿತು. ನಾಗಾವಿಯ ಶಾಸನ ಇಂದಿಗೂ ಅಲ್ಲೇ ಇದೆ. ಕಲಿಯುವವರಿಗೆ ಅನ್ನ, ಪುಸ್ತಕ ಕಾಯುವವರಿಗೆ ಜೀವನ, ಎರಡನ್ನೂ ಒಂದೇ ದತ್ತಿಯಲ್ಲಿ ಬರೆಸಿದ ಮಧುಸೂದನ ದಂಡನಾಯಕನಿಗೆ ಗೊತ್ತಿದ್ದ ಲೆಕ್ಕ ನಮಗೆ ಮರೆತುಹೋಗಲು ಕಾರಣವಿಲ್ಲ.